ಡಿಫ್ ಲಾಕ್ ಹಾಕುವ ಹೊತ್ತು, ತೆಗೆಯುವ ಹೊತ್ತು

ಹೊಸ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಆಕ್ಸಲ್ ಚಿತ್ರದ ಮೇಲೆ ಇಂಟು ಗುರುತಿರುವ ಬಟನ್ ಒಂದಿದೆ, ಅದನ್ನು ಯಾವಾಗ ಒತ್ತಬೇಕು ಅಂತ ಕೇಳಿದ್ದೀಯ. ಶೋರೂಮಿನಲ್ಲಿ ‘ಗಾಡಿ ಹೂತುಕೊಂಡಾಗ ಒತ್ತಿ ಸಾರ್’ ಅಂದು ಕೀ ಕೊಟ್ಟು ಕಳಿಸಿದರಂತೆ. ಹೂತ ಮೇಲೆ ಒತ್ತಿದರೂ ಕೆಲವು ಸಲ ಗಾಡಿ ಎದ್ದು ಬರುತ್ತದೆ, ಸುಳ್ಳು ಹೇಳಿಲ್ಲ ಅವರು. ಆದರೆ ಒತ್ತಬೇಕಾದ ಜಾಗ ಹೂಳುವುದಕ್ಕೆ ನಾಲ್ಕು ಮಾರು ಹಿಂದೆಯೇ ಕಳೆದುಹೋಗಿರುತ್ತದೆ. ಇನ್ನು ಒತ್ತಿದ್ದನ್ನು ಯಾವಾಗ ತೆಗೆಯಬೇಕು ಅನ್ನುವುದನ್ನಂತೂ ಯಾರೂ ಹೇಳಿಕೊಡುವುದಿಲ್ಲ. ಗಾಡಿ ಮುರಿಯುವುದು, ಉರುಳುವುದು ಹೆಚ್ಚಾಗಿ ಅಲ್ಲಿಯೇ. ಅದಕ್ಕೇ ಒಂದು ಮಾತಿನಲ್ಲಿ ಉತ್ತರ ಕೊಡದೆ ಇಷ್ಟುದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದು.

ಇದು ನಿನಗೆ ಹೊಸದು ಅಂದುಕೊಳ್ಳಬೇಡ. ಊರಿನ ಟ್ರ್ಯಾಕ್ಟರಿನಲ್ಲಿ ಸೀಟಿನ ಬುಡದ ಹತ್ತಿರ, ಹಿಮ್ಮಡಿಗೆ ಸಿಗುವಂತೆ ಒಂದು ಪುಟ್ಟ ಪೆಡಲ್ ಇರುತ್ತದಲ್ಲ, ಅದೂ ಡಿಫ್ ಲಾಕೇ. ಉಳುವಾಗ ಒಂದು ಹಿಂಚಕ್ರ ಸಾಲಿನೊಳಗೆ, ಇನ್ನೊಂದು ಗಟ್ಟಿ ನೆಲದ ಮೇಲೆ ಓಡುತ್ತದೆ. ಒಂದು ಕಡೆ ಜಾರಲು ಶುರುವಾದರೆ ಡ್ರೈವರ್ ವೇಗ ಇಳಿಸಿ ಹಿಮ್ಮಡಿಯಿಂದ ಪೆಡಲ್ ಅದುಮುತ್ತಾನೆ. ಬದು ಹತ್ತಿರ ಬಂತು ಅನ್ನುವಾಗ ಕಾಲು ತೆಗೆಯುತ್ತಾನೆ, ಆಮೇಲೆ ಸ್ಟೀರಿಂಗ್ ತಿರುಗಿಸುತ್ತಾನೆ. ಕಾಲು ತೆಗೆಯದೆ ತಿರುಗಿಸಿದರೆ ಟ್ರ್ಯಾಕ್ಟರು ನೆಟ್ಟಗೆ ಬದುವಿಗೇ ನುಗ್ಗುತ್ತದೆ ಎಂಬುದು ಗದ್ದೆಯಲ್ಲಿ ದುಡಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೀಪಿನ ಲಾಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಟ್ರ್ಯಾಕ್ಟರಿನಲ್ಲಿ ಕಾಲು ತೆಗೆದು ಭಾರ ಸಡಿಲವಾದರೆ ಲಾಕ್ ತಾನಾಗಿ ಬಿಡುತ್ತದೆ. ನಿನ್ನದು ಬಟನ್ನು. ನೀನು ಮರೆತರೆ ಅದು ನೆನಪಿಸುವುದು ಒಂದು ಸಣ್ಣ ದೀಪದಿಂದ ಮಾತ್ರ, ಆ ದೀಪವನ್ನು ಕೆಸರು ಹತ್ತುವ ಗಡಿಬಿಡಿಯಲ್ಲಿ ಯಾರೂ ನೋಡುವುದಿಲ್ಲ.

ಡಿಫರೆನ್ಷಿಯಲ್ ಯಾಕಿದೆ ಅನ್ನುವುದನ್ನು ಸ್ವಲ್ಪ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ. ಗಾಡಿಯ ಎಡ ಬಲ ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಅಂತ ಇಟ್ಟುಕೋ. ಒಂದು ಪೂರ್ತಿ ಸುತ್ತು ಹೊಡೆದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕು. ಸುತ್ತು ದೊಡ್ಡದಿರಲಿ ಸಣ್ಣದಿರಲಿ, ಲೆಕ್ಕ ಅಷ್ಟೇ. ಎರಡೂ ಚಕ್ರವನ್ನು ಒಂದೇ ಕಬ್ಬಿಣದ ಸರಳಿಗೆ ಬಿಗಿದಿಟ್ಟರೆ ಆ 9.4 ಮೀಟರನ್ನು ಟೈರ್ ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕು. 1827ರಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಎಂಬಾತ ಹಬೆಯಿಂದ ಓಡುವ ಬಂಡಿಗಾಗಿ ಇದಕ್ಕೊಂದು ಗೇರಿನ ಜೋಡಣೆ ಮಾಡಿ ಪೇಟೆಂಟ್ ಪಡೆದ. ಗಡಿಯಾರದವನ ಕೈಚಳಕ ಇಂದಿಗೂ ನಿನ್ನ ಹಿಂದಿನ ಹೌಸಿಂಗಿನ ಒಳಗೆ ಆಯಿಲಿನಲ್ಲಿ ಮುಳುಗಿ ತಿರುಗುತ್ತಿದೆ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬಹುದು, ಆದರೆ ಎರಡಕ್ಕೂ ಹಂಚಿಕೆಯಾಗುವ ಬಲ ಸಮ ಸಮ.

ಈ ಸಮ ಸಮವೇ ಕಾಡಿನ ದಾರಿಯಲ್ಲಿ ಕೈಕೊಡುವುದು. ನೊಗದ ನಟ್ಟನಡುವೆ ಹಗ್ಗ ಕಟ್ಟಿ ಎರಡು ಎತ್ತು ಹೂಡಿದಾಗ ಒಂದು ಎತ್ತಿನ ಕಾಲು ಜಾರಿದರೆ ಇನ್ನೊಂದು ಎಷ್ಟು ಗಟ್ಟಿಯಾಗಿದ್ದರೂ ನೊಗ ತಿರುಗಿಕೊಳ್ಳುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಡಿಫರೆನ್ಷಿಯಲ್ಲಿನ ಒಳಗೂ ನಡೆಯುವುದು ಅದೇ. ನುಣುಪು ಜೇಡಿಯ ಮೇಲಿರುವ ಎಡಚಕ್ರ ನೂರು ಪಾಲು ಬಲ ಬಿದ್ದೊಡನೆಯೇ ಜಾರಿಬಿಟ್ಟರೆ ಕಲ್ಲಿನ ಮೇಲೆ ಗಟ್ಟಿಯಾಗಿ ಕೂತ ಬಲಚಕ್ರಕ್ಕೂ ಸಿಗುವುದು ಆ ನೂರೇ. ಗಾಳಿಯಲ್ಲಿ ಎದ್ದ ಚಕ್ರಕ್ಕೆ ತಿರುಗಲು ಹೆಚ್ಚುಕಡಿಮೆ ಬಲವೇ ಬೇಡ, ಹಾಗಾಗಿ ನೆಲದ ಮೇಲಿರುವುದಕ್ಕೂ ಏನೂ ಸಿಗುವುದಿಲ್ಲ. ಎಂಜಿನ್ನು ಎಷ್ಟು ಕುದುರೆ ಬಲದ್ದಾದರೂ ಅಷ್ಟೇ, ಆಕ್ಸಿಲರೇಟರ್ ಒತ್ತಿದಷ್ಟೂ ಜಾರುವ ಚಕ್ರ ಇನ್ನಷ್ಟು ಜೋರಾಗಿ ತಿರುಗಿ ಕೆಸರು ಎರಚುತ್ತದೆ. ಲಾಕ್ ಹಾಕಿದರೆ ಎರಡೂ ಚಕ್ರ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ, ಯಾವುದಕ್ಕೆ ಹಿಡಿತವಿದೆಯೋ ಅದು ತನ್ನ ತಾಕತ್ತಿನಷ್ಟನ್ನು ಪೂರ್ತಿ ಎಳೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ಫೋರ್ ಬೈ ಫೋರ್ ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ ಅಂದುಕೊಳ್ಳುತ್ತಾರೆ. ನಮ್ಮ ಜೀಪುಗಳ ಟ್ರಾನ್ಸ್‌ಫರ್ ಕೇಸು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಒಂದಕ್ಕೊಂದು ಕಟ್ಟುತ್ತದೆ, ಅಷ್ಟೇ. ಪ್ರತಿ ಆಕ್ಸಲ್ಲಿನ ಒಳಗೆ ಎಡ ಬಲಗಳ ನಡುವೆ ಡಿಫರೆನ್ಷಿಯಲ್ ಇನ್ನೂ ಬಿಚ್ಚಿಕೊಂಡೇ ಇದೆ. ಮಳೆನೀರು ರಸ್ತೆಗೆ ಅಡ್ಡಡ್ಡ ಕೊರೆದ ಕೊರಕಲನ್ನು ಓರೆಯಾಗಿ ದಾಟುವಾಗ ನೋಡು: ಮುಂದಿನ ಎಡಚಕ್ರ ಮೇಲೆ ತೂಗುತ್ತದೆ, ಹಿಂದಿನ ಬಲಚಕ್ರ ಮೇಲೆ ತೂಗುತ್ತದೆ. ನೆಲ ಹಿಡಿದ ಉಳಿದ ಎರಡು ಸುಮ್ಮನೆ ನಿಂತಿರುತ್ತವೆ. ನಾಲ್ಕು ಚಕ್ರದ ಗಾಡಿ, ಫೋರ್ ಲೋ ಗೇರು, ಆದರೂ ಅಲ್ಲಾಡುವುದಿಲ್ಲ. ಹಿಂದಿನ ಆಕ್ಸಲ್ ಒಂದಕ್ಕೆ ಲಾಕ್ ಹಾಕಿದರೆ ಸಾಕು, ಮೂರನೆಯ ಚಕ್ರ ದುಡಿಯಲು ಶುರುಮಾಡುತ್ತದೆ, ಗಾಡಿ ಆರಾಮಾಗಿ ಕೊರಕಲು ದಾಟುತ್ತದೆ. ಲಾಕಿನ ಅಸಲಿ ಜಾಗ ಯಾವುದು ಅಂತ ಒಂದೇ ಒಂದನ್ನು ಹೇಳು ಅಂದರೆ ನಾನು ಈ ಓರೆ ಕೊರಕಲನ್ನೇ ಹೇಳುತ್ತೇನೆ. ನೆಲ ಜಾರದಿದ್ದರೂ, ಬಿರುಬೇಸಗೆಯಲ್ಲೂ, ಚಕ್ರ ಎದ್ದರೆ ಲಾಕ್ ಬೇಕು.

ಎರಡನೆಯದು ತೋಟದ ಏರು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟದ ರಸ್ತೆಗಳು ಜುಲೈ ತಿಂಗಳಲ್ಲಿ ಹೇಗಿರುತ್ತವೆ ಅಂತ ನಿನಗೆ ಗೊತ್ತಲ್ಲ. ಮೇಲೆ ಎರಡು ಅಂಗುಲ ಕೆಂಪು ಲೋಳೆ, ಅದರಡಿಯಲ್ಲಿ ಗಟ್ಟಿ ನೆಲ, ಟ್ರ್ಯಾಕ್ಟರ್ ಟ್ರೈಲರ್ ಓಡಿಸಿ ಕೊರೆದ ಎರಡು ಹಳ್ಳ. ಇಂಥ ನೆಟ್ಟಗಿನ ಏರಿಗೆ ಲಾಕನ್ನು ಬುಡದಲ್ಲೇ ಹಾಕು, ಫೋರ್ ಲೋ ಎರಡನೇ ಗೇರಿನಲ್ಲಿ ಒಂದೇ ಸಮ ಹತ್ತು. ಅರ್ಧ ಹತ್ತಿ, ಚಕ್ರ ಜಾರಿ, ಗಾಡಿ ನಿಂತು, ಆಮೇಲೆ ಬಟನ್ ಹುಡುಕುವವನಿಗೆ ಮೂರು ನಷ್ಟ. ಓಟದ ಬಲ ಹೋಯಿತು. ಜಾರಿದ ಚಕ್ರ ತನ್ನಡಿಯ ಮಣ್ಣನ್ನು ಬಳಿದು ನುಣುಪು ಗುಂಡಿ ಮಾಡಿಕೊಂಡಿತು. ಇನ್ನು ಲಾಕ್ ಹಿಡಿಯಬೇಕಾದರೆ ಗಾಡಿ ಒಂದಿಷ್ಟಾದರೂ ಅಲ್ಲಾಡಬೇಕು, ಅಲ್ಲಿ ಅಲ್ಲಾಡುವುದೇ ಕಷ್ಟ.

ಅದಕ್ಕೇ ಹೇಳುವುದು, ತೀರ್ಮಾನ ಸೀಟಿನಲ್ಲಿ ಕೂತು ಮಾಡುವಂಥದ್ದಲ್ಲ, ಕೆಳಗಿಳಿದು ಮಾಡುವಂಥದ್ದು. ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ ನಡೆದು ಹತ್ತು. ನಿನ್ನ ಬೂಟು ಎಲ್ಲಿ ಜಾರಿತೋ ಟೈರೂ ಅಲ್ಲಿ ಜಾರುತ್ತದೆ. ಯಾವ ಚಕ್ರ ಎಲ್ಲಿ ಏಳುತ್ತದೆ, ಎಲ್ಲಿ ಹೊಟ್ಟೆ ತಾಗುತ್ತದೆ, ತಿರುವು ಎಲ್ಲಿ, ಲಾಕ್ ತೆಗೆಯಲು ಸಮತಟ್ಟು ಜಾಗ ಎಲ್ಲಿದೆ, ಇದಿಷ್ಟನ್ನೂ ಕಾಲಿನಲ್ಲೇ ನೋಡಿಕೊಂಡು ಬಾ. ಇಂಬಳ ಹತ್ತುತ್ತದೆ ಅಂತ ಗಾಡಿಯಲ್ಲೇ ಕೂತರೆ ಆಮೇಲೆ ಅದೇ ಇಂಬಳದ ನಡುವೆ ಮಂಡಿಯೂರಿ ಹಾರೆ ಹಿಡಿಯಬೇಕಾಗುತ್ತದೆ.

ಮೂರನೆಯದು ಹೊಳೆಯ ಗುಂಡುಕಲ್ಲು, ಮೆಟ್ಟಿಲಿನಂಥ ಬಂಡೆ. ಅಲ್ಲಿ ವೇಗ ಇರಕೂಡದು, ಒಂದೊಂದು ಚಕ್ರವನ್ನು ಎತ್ತಿಟ್ಟ ಹಾಗೆ ಹೋಗಬೇಕು. ಲಾಕ್ ಇದ್ದರೆ ಆಕ್ಸಿಲರೇಟರ್ ಮುಟ್ಟದೆಯೂ ಹತ್ತಬಹುದು, ಇಲ್ಲದಿದ್ದರೆ ಕುಲುಕಿ ಕುಲುಕಿ ಹಾರಿಸಬೇಕು. ಹಾಗೆ ಕುಲುಕಿ ಹಾರಿದ ಚಕ್ರ ತಿರುಗುತ್ತಲೇ ಬಂದು ಕಲ್ಲಿಗೆ ಬಡಿದಾಗಲೇ ಶಾಫ್ಟ್ ತುಂಡಾಗುವುದು. ನೀರಿನ ಆಳ, ಸೆಳೆತ ನೋಡದೆ ಇಳಿಯಬಾರದು ಎಂಬುದು ಬೇರೆಯೇ ಪಾಠ, ಅದಕ್ಕೆ ಲಾಕು ಏನೂ ಮಾಡಲಾರದು.

ಮರಳಿನ ವಿಚಾರ ಬೇರೆ. ದುಬೈ, ಮಸ್ಕತ್ತಿನಲ್ಲಿರುವ ನಮ್ಮವರು ರಜೆಯಲ್ಲಿ ದಿಬ್ಬ ಹತ್ತುವ ಹುಚ್ಚು ಹಿಡಿಸಿಕೊಂಡಿದ್ದಾರೆ, ಅವರನ್ನು ಕೇಳು. ಅಲ್ಲಿ ಮೊದಲ ಕೆಲಸ ಟೈರಿನ ಗಾಳಿಯನ್ನು 15 ಪಿಎಸ್‌ಐ ಆಸುಪಾಸಿಗೆ ಇಳಿಸುವುದು. ಗಾಳಿ ಇಳಿಸದೆ ಲಾಕ್ ಹಾಕಿದವನು ಎರಡೂ ಚಕ್ರದಿಂದ ಒಟ್ಟಿಗೆ ಗುಂಡಿ ತೋಡುತ್ತಾನೆ. ನಿಂತಲ್ಲಿಂದ ನೆಟ್ಟಗೆ ಹೊರಡುವಾಗ ಲಾಕ್ ಸಹಾಯಕ್ಕೆ ಬರುತ್ತದೆ, ದಿಬ್ಬದ ಪಕ್ಕೆಯಲ್ಲಿ ಓಡುವಾಗ ಅದು ಶತ್ರು. ಯಾಕೆ ಅನ್ನುವುದು ಮುಂದೆ ಬರುತ್ತದೆ. ನಮ್ಮ ಕೆಸರಿಗೂ ಗಾಳಿ ಇಳಿಸುವ ಮಾತು ಅನ್ವಯಿಸುತ್ತದೆ, ಅಷ್ಟೊಂದು ಬೇಡ, 20ರ ಹತ್ತಿರ ಸಾಕು. ಟಾರು ರಸ್ತೆಗೆ ಬಂದ ಮೇಲೆ ಮರೆಯದೆ ತುಂಬಿಸು, ಕಂಪ್ರೆಸರ್ ಇಲ್ಲದೆ ಗಾಳಿ ಬಿಡಬೇಡ.

ಈಗ ಹಾಕಬಾರದ ಕಡೆಗಳು. ಟಾರು, ಕಾಂಕ್ರೀಟು, ಒಣಗಿದ ಗಟ್ಟಿ ನೆಲ, ಇವು ಎಲ್ಲರಿಗೂ ಗೊತ್ತು. ಚಕ್ರ ಜಾರಲು ಜಾಗವಿಲ್ಲದಿದ್ದರೆ ಆ 9.4 ಮೀಟರಿನ ಜಗಳ ಶಾಫ್ಟಿನ ಮೈಯಲ್ಲಿ ತಿರುಚಿಕೊಳ್ಳುತ್ತದೆ. ಹೇರ್‌ಪಿನ್ ತಿರುವು ಕೂಡ ಹಾಗೆಯೇ. ಹಿಂದಿನ ಲಾಕ್ ಹಾಕಿದ ಗಾಡಿಗೆ ನೆಟ್ಟಗೆ ಹೋಗುವ ಹಟ, ಸ್ಟೀರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಎಳೆಯುತ್ತದೆ. ಘಾಟಿಯ ಮಣ್ಣು ರಸ್ತೆಯಲ್ಲಿ ಹೊರಗೆ ಅಂದರೆ ಕಮರಿ. ತಿರುವಿಗೆ ಮೊದಲು ತೆಗೆದು, ತಿರುವು ಮುಗಿಸಿ, ಬೇಕಾದರೆ ಮತ್ತೆ ಹಾಕು. ಬೇಸರದ ಕೆಲಸ, ಆದರೂ ಮಾಡು.

ಇದಕ್ಕಿಂತ ಹೆದರಬೇಕಾದದ್ದು ಪಕ್ಕಕ್ಕೆ ವಾಲಿದ ಜಾರು ನೆಲ. ಇದನ್ನು ನಿಧಾನವಾಗಿ ಓದು, ಏಕೆಂದರೆ ಇಲ್ಲಿ ಬುದ್ಧಿವಂತರೂ ತಪ್ಪುತ್ತಾರೆ. ಟೈರಿಗೆ ಇರುವ ಹಿಡಿತ ಒಂದು ಗಂಟು ಮಾತ್ರ, ಅದರಲ್ಲೇ ಮುಂದಕ್ಕೆ ಎಳೆಯುವುದಕ್ಕೂ ಖರ್ಚಾಗಬೇಕು, ಪಕ್ಕಕ್ಕೆ ಜಾರದೆ ನಿಲ್ಲುವುದಕ್ಕೂ ಖರ್ಚಾಗಬೇಕು. ನಿಂತಲ್ಲೇ ತಿರುಗಿ ಜಾರುವ ಚಕ್ರ ಗಂಟನ್ನೆಲ್ಲ ಮುಂದಕ್ಕೇ ಸುರಿದುಬಿಟ್ಟಿರುತ್ತದೆ, ಪಕ್ಕದ ಹಿಡಿತ ಅದಕ್ಕೆ ಉಳಿದಿರುವುದಿಲ್ಲ. ಡಿಫರೆನ್ಷಿಯಲ್ ಬಿಚ್ಚಿಕೊಂಡಿದ್ದರೆ ಜಾರುವುದು ಒಂದು ಚಕ್ರ, ಅದೂ ಸಾಮಾನ್ಯವಾಗಿ ಮೇಲುಬದಿಯ ಹಗುರಾದದ್ದು. ಕೆಳಬದಿಯ ಚಕ್ರ ಎಳೆಯದಿದ್ದರೂ ಗೂಟದ ಹಾಗೆ ಪಕ್ಕಕ್ಕೆ ತಡೆದು ನಿಂತಿರುತ್ತದೆ. ಗಾಡಿ ಮುಂದೆ ಹೋಗಲಿಲ್ಲ, ಸರಿ, ಆದರೆ ಕೆಳಗೂ ಹೋಗಲಿಲ್ಲ. ಲಾಕ್ ಹಾಕಿದರೆ ಆ ಕಾವಲಿನ ಚಕ್ರವನ್ನೂ ತಿರುಗಿಸುವ ಕೆಲಸಕ್ಕೆ ಎಳೆದಂತಾಯಿತು. ಎರಡೂ ಒಟ್ಟಿಗೆ ಜಾರಿದ ಗಳಿಗೆಯಲ್ಲಿ ಹಿಂಭಾಗ ಇಡಿಯಾಗಿ ಇಳಿಜಾರಿನತ್ತ ಸರಿಯುತ್ತದೆ. ಮುಂದಿನ ಲಾಕ್ ಕೂಡ ಹಾಕಿದ್ದರೆ ಇಡೀ ಗಾಡಿ ಅಡ್ಡಡ್ಡವಾಗಿ ಜಾರಿಕೊಂಡು ಹೋಗುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಉಪಯೋಗವಿಲ್ಲ.

ಒಂದು ತೋಟದ ರಸ್ತೆಯಲ್ಲಿ ಮಳೆ ನಿಂತ ಮಾರನೆಯ ದಿನ ಇದನ್ನು ಕಣ್ಣಾರೆ ನೋಡಿದ್ದೇನೆ. ರಸ್ತೆ ಹೊರಬದಿಗೆ ವಾಲಿತ್ತು, ಕೆಳಗೆ ಹತ್ತಡಿ ಇಳಿಜಾರು, ಕಾಫಿ ಗಿಡಗಳು. ಹಳೆಯ ಜೀಪೊಂದು ಲಾಕಿಲ್ಲದೆ, ಒಂದು ಚಕ್ರ ಚರಚರ ಅಂತ ಸುತ್ತುತ್ತಾ, ಅಂಗುಲ ಅಂಗುಲವಾಗಿ ದಾಟಿಹೋಯಿತು. ಅದರ ಹಿಂದೆ ಬಂದ ಹೊಸ ಗಾಡಿಯ ಹುಡುಗ ಚಕ್ರ ಸುತ್ತುವುದನ್ನು ನೋಡಿ, ನನಗೆ ಲಾಕಿದೆಯಲ್ಲ ಅಂತ ಹಾಕಿಕೊಂಡೇ ಬಂದ. ನಡುದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂಭಾಗ ಮೆಲ್ಲನೆ ಹೊರಳಿ ಎರಡು ಚಕ್ರ ರಸ್ತೆಯಿಂದಾಚೆ ಇಳಿದವು. ಒಂದು ಸಿಲ್ವರ್ ಓಕ್ ಮರ ಅಡ್ಡ ಇದ್ದುದರಿಂದ ಅಲ್ಲಿಗೆ ನಿಂತಿತು. ಹುಡುಗನ ಗಾಡಿ ಹೆಚ್ಚು ಸಮರ್ಥವಾದದ್ದು, ಅನುಮಾನವೇ ಇಲ್ಲ. ಆ ಮೂವತ್ತು ಅಡಿಯಲ್ಲಿ ಮಾತ್ರ ಅದೇ ಮುಳುವಾಯಿತು.

ಹಾಗಾದರೆ ವಾಲಿದ ಜಾರು ದಾರಿಯಲ್ಲಿ ಏನು ಮಾಡುವುದು ಅಂದರೆ, ಲಾಕ್ ತೆಗೆದು, ಫೋರ್ ಲೋನಲ್ಲಿ, ಬಲು ಮೆತ್ತಗೆ ಹೋಗು. ಮೇಲುಬದಿಯ ಚಕ್ರಕ್ಕೆ ಕಲ್ಲು ಸೊಪ್ಪು ಹಾಕು. ಹಿಂಭಾಗ ಕೆಳಗೆ ಸರಿಯಿತು ಅನ್ನಿಸಿದರೆ ಆಕ್ಸಿಲರೇಟರ್ ಬಿಟ್ಟು ಮೂತಿಯನ್ನು ಇಳಿಜಾರಿನ ಕಡೆಗೆ ತಿರುಗಿಸು. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತದೆ, ಅದರ ಮಾತು ಕೇಳಬೇಡ. ಕೆಳಗೆ ಇಳಿಯಲು ಜಾಗವೇ ಇಲ್ಲದ ಕಡೆ ಆ ದಾರಿಗೇ ಹೋಗದಿರುವುದು ವಾಸಿ.

ನೆಟ್ಟಗಿನ ಕಡಿದಾದ ಇಳಿಜಾರಿಗೆ ಹಾಕಬಹುದೇ ಅಂತ ಕೇಳುವವರಿದ್ದಾರೆ. ಹಾಕಬಹುದು, ಒಂದು ಷರತ್ತಿನ ಮೇಲೆ. ಏರುಪೇರಿನ ಇಳಿಜಾರಿನಲ್ಲಿ ಒಂದು ಚಕ್ರ ಎದ್ದರೆ ಎಂಜಿನ್ ಬ್ರೇಕಿಂಗ್ ಆ ಆಕ್ಸಲ್ಲಿನ ಮಟ್ಟಿಗೆ ಹೊರಟುಹೋಗುತ್ತದೆ, ಗಾಡಿ ತಟ್ಟನೆ ಮುಂದೆ ನುಗ್ಗುತ್ತದೆ. ಹಿಂದಿನ ಲಾಕ್ ಅದನ್ನು ತಡೆಯುತ್ತದೆ. ಆದರೆ ದಾರಿ ನೆಟ್ಟಗಿರಬೇಕು, ಪಕ್ಕಕ್ಕೆ ವಾಲಿರಬಾರದು. ಇನ್ನೊಂದು, ಲಾಕ್ ಹಾಕಿದಾಗ ಹಲವು ಗಾಡಿಗಳಲ್ಲಿ ಎಬಿಎಸ್ಸೂ ಸ್ಟೆಬಿಲಿಟಿ ಕಂಟ್ರೋಲೂ ಸುಮ್ಮನಾಗುತ್ತವೆ ಅನ್ನುವುದು ನೆನಪಿರಲಿ.

ಎಲ್ಲ ಲಾಕೂ ಒಂದೇ ಜಾತಿಯಲ್ಲ, ಅದಕ್ಕೆ ತಕ್ಕ ಹಾಗೆ ಕಾಲೂ ಕೈಯೂ ಪಳಗಬೇಕು. ಫೋರ್ಸ್ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಆಕ್ಸಲ್ಲಿಗೆ ಕಾರ್ಖಾನೆಯಿಂದಲೇ ಲಾಕ್ ಬರುತ್ತದೆ, ಡ್ರೈವರೇ ಹಾಕಬೇಕು, ಡ್ರೈವರೇ ತೆಗೆಯಬೇಕು. ಮಹೀಂದ್ರಾ ಥಾರ್ ರಾಕ್ಸ್‌ನ ಫೋರ್ ಬೈ ಫೋರ್, ಟೊಯೊಟಾ ಹೈಲಕ್ಸ್ ಇವುಗಳಲ್ಲಿ ಹಿಂದಿನ ಆಕ್ಸಲ್ಲಿಗೆ ವಿದ್ಯುತ್ ಲಾಕ್ ಇದೆ. 2020ರಲ್ಲಿ ಬಂದ ಥಾರ್‌ನ ಮೆಕ್ಯಾನಿಕಲ್ ಲಾಕ್ ಬೇರೆ ಥರ, ಅದಕ್ಕೆ ಬಟನ್ನೇ ಇಲ್ಲ. ಎಡ ಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ತೂಕದ ಕಟ್ಟು ಹೊರಕ್ಕೆ ಹಾರಿ ತಾನೇ ಹಿಡಿಯುತ್ತದೆ. ಆ ಗಾಡಿಯ ಟೈರಿನ ಲೆಕ್ಕದಲ್ಲಿ ನೂರು ಸುತ್ತು ಅಂದರೆ ಗಂಟೆಗೆ ಹೆಚ್ಚುಕಡಿಮೆ 15 ಕಿಲೋಮೀಟರ್ ವೇಗ. ಅಂದರೆ ಚಕ್ರ ಸ್ವಲ್ಪ ಜೋರಾಗಿಯೇ ಜಾರಬೇಕು. ಬಟನ್ ಲಾಕಿನಲ್ಲಿ ಚಕ್ರ ಜಾರಿದರೆ ಕಾಲು ತೆಗೆಯಬೇಕು, ಇದರಲ್ಲಿ ಒಂದು ಕ್ಷಣ ಕಾಲು ಒತ್ತಿಯೇ ಇಡಬೇಕು, ಟಕ್ ಅಂತ ಹಿಡಿದ ಮೇಲೆ ಸಡಿಲಿಸಬೇಕು. ಇದು ಗೊತ್ತಿಲ್ಲದವರು ಹಿಡಿಯುವ ಮೊದಲೇ ಕಾಲು ತೆಗೆದು, ಈ ಗಾಡಿಯಲ್ಲಿ ಲಾಕೇ ಕೆಲಸ ಮಾಡುವುದಿಲ್ಲ ಅಂತ ಸರ್ವಿಸ್ ಸೆಂಟರಿಗೆ ಹೋಗುತ್ತಾರೆ. ತಾನಾಗಿ ಹಿಡಿಯುವುದರ ತೊಂದರೆಯೂ ಅಲ್ಲೇ ಇದೆ, ವಾಲಿದ ಜಾರಿನಲ್ಲಿ ನೀನು ಬೇಡವೆಂದರೂ ಅದು ಹಿಡಿದೀತು. ಅಂಥಲ್ಲಿ ಚಕ್ರ ಜಾರದಷ್ಟು ಮೆತ್ತಗೆ ಕಾಲಿಡುವುದೊಂದೇ ಉಪಾಯ.

ಮಾರುತಿ ಜಿಮ್ನಿಯಲ್ಲಿ ಲಾಕಿಲ್ಲ. ಜಾರುವ ಚಕ್ರಕ್ಕೆ ಕಂಪ್ಯೂಟರು ಬ್ರೇಕ್ ಹಾಕಿ, ಆ ಮೂಲಕ ಇನ್ನೊಂದಕ್ಕೆ ಬಲ ಕಳಿಸುತ್ತದೆ. ಹಗುರ ಗಾಡಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಚಕ್ರ ಜಾರಿದ ಮೇಲಷ್ಟೇ ಅದಕ್ಕೆ ಎಚ್ಚರ, ಬಹಳ ಹೊತ್ತು ಒದ್ದಾಡಿಸಿದರೆ ಬ್ರೇಕು ಕಾಯುತ್ತದೆ. ಅದರ ಅಣ್ಣ ಜಿಪ್ಸಿಗೆ ಆ ಕಂಪ್ಯೂಟರೂ ಇರಲಿಲ್ಲ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಜನ ಹೊತ್ತು ಹತ್ತುವ ಲಾಕಿಲ್ಲದ ಹಳೆಯ ಜೀಪುಗಳ ಚಾಲಕರನ್ನು ಒಂದು ದಿನ ಪಕ್ಕದ ಸೀಟಿನಲ್ಲಿ ಕೂತು ನೋಡು. ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಎಂಬ ಲೆಕ್ಕ ಅವರ ತಲೆಯಲ್ಲಿದೆ. ಚಕ್ರವನ್ನು ಗುಂಡಿಯ ಅಂಚಿನಲ್ಲಿ ಸಾಗಿಸಿದರೆ ಲಾಕಿನ ಅಗತ್ಯವೇ ಬೀಳುವುದಿಲ್ಲ. ಅದನ್ನು ಕಲಿಯದೆ ಲಾಕ್ ಕಲಿತವನ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಬೇಜಾರು ಮಾಡಿಕೊಳ್ಳಬೇಡ ಮಾರಾಯ.

ಹಾಕುವ ರೀತಿ ಕೇಳು. ಗಾಡಿ ನಿಂತಿರಬೇಕು, ಇಲ್ಲವೇ ನಡಿಗೆಯ ವೇಗದಲ್ಲಿರಬೇಕು, ಚಕ್ರ ಸುತ್ತುತ್ತಿರಬಾರದು. ಒಂದು ಚಕ್ರ ಬುರ್ರೆಂದು ತಿರುಗುತ್ತಿರುವಾಗ ಲಾಕ್ ಒತ್ತಿದರೆ ಒಳಗಿನ ಹಲ್ಲುಗಳು ಡಿಕ್ಕಿ ಹೊಡೆದುಕೊಳ್ಳುತ್ತವೆ, ಮುರಿದರೆ ಬಿಲ್ಲು ನೋಡಿ ನೀನೇ ಕೂತುಕೊಳ್ಳುತ್ತೀಯ. ಒತ್ತಿದ ಮೇಲೆ ದೀಪ ಮಿಟುಕುತ್ತಿದ್ದರೆ ಹಲ್ಲು ಇನ್ನೂ ಕೂಡಿಲ್ಲ ಅಂತ ಅರ್ಥ. ಸ್ಟೀರಿಂಗನ್ನು ಸ್ವಲ್ಪ ಎಡಬಲ ಆಡಿಸಿ ಒಂದೆರಡು ಅಡಿ ಸರಿಸು, ದೀಪ ನಿಂತು ಉರಿಯುತ್ತದೆ. ಕೆಲವು ಗಾಡಿಗಳಲ್ಲಿ ಫೋರ್ ಲೋ ಇದ್ದರೆ ಮಾತ್ರ ಲಾಕ್ ಹಿಡಿಯುತ್ತದೆ, ಇನ್ನು ಕೆಲವು ಒಂದು ವೇಗ ದಾಟಿದರೆ ತಾನಾಗಿ ಬಿಡುತ್ತವೆ. ನಿನ್ನದು ಯಾವುದು ಅಂತ ಮ್ಯಾನುಯಲ್ಲಿನಲ್ಲಿ ಓದು, ಗ್ಲೋವ್ ಬಾಕ್ಸಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇರಬೇಕು ಅದು.

ಎರಡು ಲಾಕ್ ಇರುವ ಗಾಡಿಯಾದರೆ ಯಾವಾಗಲೂ ಹಿಂದಿನದು ಮೊದಲು. ಮುಂದಿನದು ಕಟ್ಟಕಡೆಯ ಅಸ್ತ್ರ, ಅದೂ ಸ್ಟೀರಿಂಗ್ ನೇರವಿರುವಾಗ, ನಾಲ್ಕಾರು ಮಾರು ದೂರಕ್ಕೆ ಮಾತ್ರ. ಮುಂದಿನ ಲಾಕ್ ಹಾಕಿಕೊಂಡು ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಜಾಯಿಂಟು ಪಟ್ಟೆನ್ನುತ್ತದೆ. ತೆಗೆಯುವಾಗ ಮುಂದಿನದು ಮೊದಲು.

ಇನ್ನು ತೆಗೆಯುವುದು. ಕಷ್ಟದ ಜಾಗ ದಾಟಿದ ಖುಷಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಒಬ್ಬ ಫೋನು ಹಿಡಿದು ವಿಡಿಯೋ ಮಾಡುತ್ತಾನೆ, ಗಾಡಿ ಲಾಕಿನಲ್ಲೇ ಮುಂದಿನ ತಿರುವಿಗೆ ಹೋಗುತ್ತದೆ. ಹಾಗಾಗಬಾರದು ಅಂದರೆ ಹಾಕುವಾಗಲೇ ತೆಗೆಯುವ ಜಾಗವನ್ನು ಗುರುತಿಟ್ಟುಕೋ: ಆ ಹಲಸಿನ ಮರದ ಹತ್ತಿರ, ಆ ಮೋರಿ ದಾಟಿದ ಮೇಲೆ, ಹೀಗೆ. ಪಕ್ಕದಲ್ಲಿ ಕೂತವನಿಗೂ ಬಾಯಿಬಿಟ್ಟು ಹೇಳು, ನೀನು ಮರೆತರೆ ಅವನು ನೆನಪಿಸಲಿ. ಬಟನ್ ಒತ್ತಿದರೂ ದೀಪ ಆರದಿದ್ದರೆ ಗಾಬರಿಯಾಗಬೇಡ. ಶಾಫ್ಟು ತಿರುಚಿಕೊಂಡು ಹಲ್ಲು ಬಿಗಿದುಕೊಂಡಿರುತ್ತದೆ. ನೆಟ್ಟಗೆ ಒಂದೆರಡು ಮೀಟರ್ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ಹೋಗು, ಬಿಗಿ ಸಡಿಲಿ ಬಿಡುತ್ತದೆ. ದೀಪ ಆರದೆ ಟಾರು ಹತ್ತಬೇಡ.

ಲಾಕಿದ್ದರೂ ಆಗದ್ದು ಇದೆ. ಹೊಟ್ಟೆ ದಿಣ್ಣೆಯ ಮೇಲೆ ಕೂತು ಚಕ್ರಗಳು ತೂಗುತ್ತಿದ್ದರೆ ಎಷ್ಟು ಲಾಕ್ ಹಾಕಿದರೂ ಅಷ್ಟೇ, ಹಾರೆ ಗುದ್ದಲಿಯೇ ಗತಿ. ಲಾಕ್ ಹಾಕಿ ಎರಡು ಸುತ್ತು ತಿರುಗಿಯೂ ಗಾಡಿ ಕದಲಲಿಲ್ಲವೆಂದರೆ ನಿಲ್ಲಿಸು. ಲಾಕ್ ಹಾಕಿದ ಗಾಡಿ ಹೂತರೆ ಎರಡೂ ಕಡೆ ಸಮನಾಗಿ, ಆಳವಾಗಿ ಹೂಳುತ್ತದೆ, ಎಳೆಯಲು ಬಂದ ಟ್ರ್ಯಾಕ್ಟರಿನವನು ಬೈದುಕೊಂಡೇ ಎಳೆಯುತ್ತಾನೆ. ಎಳೆಸುವಾಗ ಹಗ್ಗವನ್ನು ಚಾಸಿಗೆ ಬಿಗಿದ ಹುಕ್ಕಿಗೇ ಹಾಕು, ಬಂಪರಿಗೂ ಟೋ ಬಾಲಿಗೂ ಬೇಡ. ಜನರನ್ನು ಹಗ್ಗದಿಂದ ದೂರ ನಿಲ್ಲಿಸು, ತುಂಡಾದ ಹಗ್ಗ ಪ್ರಾಣ ತೆಗೆಯಬಲ್ಲದು. ಹಿಂಚಕ್ರ ಕುಪ್ಪಳಿಸಲು ಶುರುವಾದರೆ ಆ ಕ್ಷಣವೇ ಕಾಲು ತೆಗೆ, ಶಾಫ್ಟ್ ಮುರಿಯುವ ಮೊದಲು ಕೊಡುವ ಸೂಚನೆ ಅದೊಂದೇ.

ಬುಡದಲ್ಲೇ ಲಾಕ್ ಹಾಕು ಅಂದೆ, ಹಾಗಂತ ಲಾಕಿನ ಬಲದಿಂದ ಎಲ್ಲಿಗೆ ಬೇಕಾದರೂ ಇಳಿಯಬಹುದು ಅಂದುಕೊಳ್ಳಬೇಡ. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಲಾಕ್ ಬೇಕೇ ಆಗುವುದಿಲ್ಲ, ಭೂಮಿಯೇ ಎಳೆದುಕೊಳ್ಳುತ್ತದೆ. ಅದೇ ದಾರಿಯಲ್ಲಿ ವಾಪಸು ಹತ್ತಬೇಕು, ಅಷ್ಟರಲ್ಲಿ ಒಂದು ಮಳೆ ಬಂದಿರುತ್ತದೆ. ಇಳಿಯುವಾಗ ಪ್ರತಿ ತಿರುವನ್ನೂ ಹತ್ತುವವನ ಕಣ್ಣಿನಿಂದ ನೋಡು. ಇದನ್ನು ಲಾಕ್ ಇಲ್ಲದೆ ಹತ್ತಲಾಗದು ಅನ್ನಿಸಿದ ಜಾಗ ಒಂದಿದ್ದರೆ ಸರಿ, ಅದಕ್ಕೇ ಲಾಕ್ ಇರುವುದು. ಅಂಥವು ಮೇಲಿಂದ ಮೇಲೆ ಬಂದರೆ ಅಲ್ಲಿಂದಲೇ ತಿರುಗಿಸು. ಒಬ್ಬನೇ ಹೋದ ದಿನವಂತೂ ಮೊದಲನೆಯದಕ್ಕೇ ತಿರುಗಿಸು.

ದಾರಿಯ ಬಗ್ಗೆಯೂ ಒಂದು ಮಾತು. ಮೀಸಲು ಅರಣ್ಯದೊಳಗೆ, ಹೊಳೆಯ ಪಾತ್ರದಲ್ಲಿ, ಬೇರೆಯವರ ತೋಟದಲ್ಲಿ ಅನುಮತಿ ಇಲ್ಲದೆ ಗಾಡಿ ಇಳಿಸಬೇಡ. ತೋಟದ ರಸ್ತೆ ಹಾಳಾಗುವುದು ಗಾಡಿಯ ಭಾರದಿಂದ ಅಷ್ಟಾಗಿ ಅಲ್ಲ, ನಿಂತಲ್ಲೇ ಸುತ್ತುವ ಚಕ್ರದಿಂದ. ಒಂದು ಚಕ್ರ ಅರ್ಧ ನಿಮಿಷ ಸುತ್ತಿ ತೋಡಿದ ಗುಂಡಿಗೆ ಮುಂದಿನ ಮಳೆ ನೀರು ನುಗ್ಗಿ ಅದೇ ಕೊರಕಲಾಗುತ್ತದೆ. ಹೊತ್ತಿಗೆ ಮೊದಲೇ ಲಾಕ್ ಹಾಕಿ, ಚಕ್ರ ಜಾರಿಸದೆ, ನಿಧಾನಕ್ಕೆ ಹತ್ತಿದವನ ಹಿಂದೆ ದಾರಿ ದಾರಿಯಾಗಿಯೇ ಉಳಿಯುತ್ತದೆ. ತೋಟದವರು ಎರಡನೇ ಸಲ ಗೇಟು ತೆಗೆಯುವುದು ಅಂಥವನಿಗೆ.

ಕಾಡಿಗೆ ಹೋಗುವ ಮೊದಲು ಕೊಯ್ಲಾದ ಗದ್ದೆಯಲ್ಲೋ ಊರಾಚೆಯ ಸಡಿಲ ಮಣ್ಣಿನ ಮೈದಾನದಲ್ಲೋ ಅಭ್ಯಾಸ ಮಾಡು. ಲಾಕ್ ಹಾಕಿ ನೆಟ್ಟಗೆ ಹೋಗು, ಸ್ವಲ್ಪ ತಿರುಗಿಸಿ ಸ್ಟೀರಿಂಗು ಹೇಗೆ ಹಟ ಮಾಡುತ್ತದೆ ನೋಡು, ತೆಗೆದು ಮತ್ತೆ ತಿರುಗಿಸು. ಕೈಗೆ ಆ ವ್ಯತ್ಯಾಸ ಒಮ್ಮೆ ಹತ್ತಿದರೆ ದೀಪ ನೋಡದೆಯೂ ಲಾಕ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಬೇಸಗೆಯಲ್ಲೂ ತಿಂಗಳಿಗೊಂದು ಸಲ ಹೀಗೆ ಹಾಕಿ ತೆಗೆಯುತ್ತಿರು, ತಿಂಗಳುಗಟ್ಟಲೆ ಮುಟ್ಟದ ಲಾಕು ಬೇಕಾದ ದಿನ ಕಚ್ಚಿಕೊಂಡು ಕೂರುತ್ತದೆ. ಹೊಳೆ ದಾಟಿ ಬಂದ ಮೇಲೆ ಆಕ್ಸಲ್ಲಿನ ಆಯಿಲ್ ನೋಡಿಸು, ಬೆಳ್ಳಗೆ ತಿರುಗಿದ್ದರೆ ನೀರು ಸೇರಿದೆ, ಬದಲಿಸು. ಬದಲಿಸುವ ದಿನ ನೀನೇ ಮೆಕ್ಯಾನಿಕ್ಕಿನ ಪಕ್ಕ ನಿಂತು ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿರುವುದನ್ನು ಬೆರಳಲ್ಲಿ ಉಜ್ಜಿ ನೋಡು. ನುಣ್ಣನೆಯ ಬೂದು ಪುಡಿಯಾದರೆ ಚಿಂತೆಯಿಲ್ಲ. ಹಲ್ಲಿನ ಚೂರು ಕೈಗೆ ಸಿಕ್ಕರೆ ಹೌಸಿಂಗ್ ಬಿಚ್ಚಿಸದೆ ಮುಂದಿನ ಏರಿಗೆ ಹೋಗಬೇಡ.